ರುಂಬಾದ ಮೊದಲ ಹೆಜ್ಜೆ ಯಾವ ಎಣಿಕೆಗೆ?

ಪ್ರಶ್ನೆ: ನಾನೂ ನನ್ನ ಪತ್ನಿಯೂ ಎರಡು ತಿಂಗಳಿಂದ ರುಂಬಾ ನೃತ್ಯ ಕಲಿಯುತ್ತಿದ್ದೇವೆ. ನಮ್ಮ ತರಗತಿಯಲ್ಲಿ ‘ಎರಡು, ಮೂರು, ನಾಲ್ಕು, ಒಂದು’ ಎಂದು ಎಣಿಸುತ್ತಾರೆ. ಅಮೆರಿಕದಲ್ಲಿರುವ ನನ್ನ ತಂಗಿ ಚೌಕಾಕಾರದ ಹೆಜ್ಜೆಯನ್ನು ಕಲಿತಿದ್ದಾಳೆ. ಕ್ಯೂಬಾದ ವಿಡಿಯೊಗಳಲ್ಲಿ ಜೋಡಿಗಳು ಕೈಯನ್ನೇ ಹಿಡಿಯುವುದಿಲ್ಲ. ಇವುಗಳಲ್ಲಿ ನಿಜವಾದ ರುಂಬಾ ಯಾವುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹುಟ್ಟಿನ ಲೆಕ್ಕದಲ್ಲಿ ಕೇಳಿದರೆ, ಕೈ ಹಿಡಿಯದೆ ಕುಣಿಯುವ ಕ್ಯೂಬಾದ ರುಂಬಾವೇ ಮೂಲ. ಹವಾನಾ ಮತ್ತು ಮತಾನ್ಸಾಸ್ ಪ್ರದೇಶಗಳಲ್ಲಿ, 19ನೆಯ ಶತಮಾನದ ಉತ್ತರಾರ್ಧದಲ್ಲಿ, ಆಫ್ರಿಕಾ ಮೂಲದ ದುಡಿಯುವ ಜನರು ತಮ್ಮ ವಠಾರಗಳ ಅಂಗಳದಲ್ಲಿ ಅದನ್ನು ಬೆಳೆಸಿದರು. ಮೀನು ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆಗಳನ್ನೇ ಅವರು ಚರ್ಮವಾದ್ಯದ ಬದಲಿಗೆ ಬಾರಿಸುತ್ತಿದ್ದರು. ಇದರಲ್ಲಿ ಮೂರು ಬಗೆಗಳಿವೆ. ಯಾಂಬೂ ನಿಧಾನಗತಿಯ ಜೋಡಿ ನೃತ್ಯ. ಗ್ವಾಗ್ವಾಂಕೊ ಅದಕ್ಕಿಂತ ಚುರುಕು. ಅದರಲ್ಲಿ ಗಂಡು ಇದ್ದಕ್ಕಿದ್ದಂತೆ ಕೈಯನ್ನೋ ಕಾಲನ್ನೋ ಚಾಚಿ ಹೆಣ್ಣನ್ನು ಕೆಣಕುತ್ತಾನೆ, ಅವಳು ಅದೇ ಕ್ಷಣದಲ್ಲಿ ಲಂಗದ ಅಂಚನ್ನು ಅಡ್ಡ ಹಿಡಿದು ತಪ್ಪಿಸಿಕೊಳ್ಳುತ್ತಾಳೆ. ಮೂರನೆಯ ಬಗೆಯಾದ ಕೊಲಂಬಿಯಾವನ್ನು ಸಾಂಪ್ರದಾಯಿಕವಾಗಿ ಗಂಡಸರು ಒಬ್ಬೊಬ್ಬರಾಗಿ ಕುಣಿಯುತ್ತಾರೆ. 2016ರಲ್ಲಿ ಯುನೆಸ್ಕೊ ಈ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿತು.

ನೀವು ಮತ್ತು ನಿಮ್ಮ ತಂಗಿ ಕಲಿತಿರುವುದು ಬೇರೆಯ ವಂಶದ್ದು. 1930ರ ಸುಮಾರಿಗೆ ಕ್ಯೂಬಾದ ಸಂಗೀತ ನ್ಯೂಯಾರ್ಕಿನಲ್ಲಿ ಜನಪ್ರಿಯವಾದಾಗ, ಸೋನ್ ಮತ್ತು ಬೊಲೆರೊ ಎಂಬ ಪ್ರಕಾರಗಳಿಗೂ ‘ರುಂಬಾ’ ಎಂಬ ಹೆಸರೇ ಅಂಟಿಕೊಂಡಿತು. ಅದರಿಂದ ಬೆಳೆದ ಅಮೆರಿಕನ್ ಶೈಲಿಯಲ್ಲಿ ಆರು ಹೆಜ್ಜೆಗಳು ಸೇರಿ ನೆಲದ ಮೇಲೆ ಒಂದು ಚೌಕವಾಗುತ್ತದೆ. ಲಂಡನ್ನಿನ ನೃತ್ಯಶಿಕ್ಷಕ ಮೊಸ್ಯೂ ಪಿಯೆರ್ 1947ರಲ್ಲಿ ಕ್ಯೂಬಾಕ್ಕೆ ಹೋಗಿ, ಅಲ್ಲಿಯವರು ಎರಡನೆಯ ಎಣಿಕೆಗೆ ಹೆಜ್ಜೆ ಇಡುವುದನ್ನು ಕಂಡು ಬಂದು, ಆ ಕ್ರಮವನ್ನು ಬೋಧಿಸಿದರು. ನಿಮ್ಮ ತರಗತಿಯ ಅಂತರರಾಷ್ಟ್ರೀಯ ಶೈಲಿ ಅದರಿಂದ ಬಂದದ್ದು.

ಇನ್ನು ನಿಮ್ಮ ಮೂಲ ಹೆಜ್ಜೆ. ಎರಡಕ್ಕೆ ಎಡಗಾಲು ಮುಂದೆ, ಮೂರಕ್ಕೆ ಭಾರ ಮರಳಿ ಬಲಗಾಲಿಗೆ, ನಾಲ್ಕಕ್ಕೆ ಎಡಗಾಲು ಪಕ್ಕಕ್ಕೆ. ಒಂದಕ್ಕೆ ಹೊಸ ಹೆಜ್ಜೆಯಿಲ್ಲ. ಮುಂದಿನ ಆವರ್ತದಲ್ಲಿ ಬಲಗಾಲು ಹಿಂದೆ ಹೋಗಿ ಇದೇ ಕ್ರಮ ನಡೆಯುತ್ತದೆ. ನಿಮ್ಮ ಪತ್ನಿ ಇದರ ಪ್ರತಿಬಿಂಬದಂತೆ ಬಲಗಾಲನ್ನು ಹಿಂದಿಟ್ಟು ಆರಂಭಿಸುತ್ತಾರೆ. ತಾಳದ ಪೆಟ್ಟು ಬಿದ್ದ ಮೇಲೆ ಪಲ್ಲವಿಯನ್ನು ಎತ್ತಿಕೊಳ್ಳುವ ಕೀರ್ತನೆಗಳನ್ನು ಕೇಳಿದವರಿಗೆ ಈ ಎಣಿಕೆ ಅಪರಿಚಿತವೆನಿಸದು.

ಹೊಸಬರು ಆ ‘ಒಂದ’ನ್ನು ವಿಶ್ರಾಂತಿಯೆಂದು ತಿಳಿದು ಸುಮ್ಮನೆ ನಿಂತುಬಿಡುತ್ತಾರೆ; ನನ್ನ ಅಭಿಪ್ರಾಯದಲ್ಲಿ ರುಂಬಾದ ಸೊಗಸೆಲ್ಲ ಇರುವುದು ಅಲ್ಲಿಯೇ. ಪಾದದ ಮುಂಭಾಗ ಮೊದಲು ನೆಲಕ್ಕೆ ತಾಗಿ, ಆಮೇಲೆ ಹಿಮ್ಮಡಿ ಇಳಿಯಬೇಕು. ಭಾರ ಹೊತ್ತ ಕಾಲು ನೇರವಾಗಿ ನಿಂತಾಗ ಇನ್ನೊಂದು ಮೊಣಕಾಲು ಸಡಿಲಗೊಂಡು ಬಾಗುತ್ತದೆ, ಸೊಂಟ ಭಾರದ ಕಡೆಗೆ ತಾನಾಗಿಯೇ ಸರಿಯುತ್ತದೆ. ದಯವಿಟ್ಟು ಸೊಂಟವನ್ನು ಬೇರೆಯಾಗಿ ಆಡಿಸಲು ಹೋಗಬೇಡಿ. ಅದರಿಂದ ಬೆನ್ನು ನೋಯುತ್ತದೆಯೇ ಹೊರತು ಚಲನೆ ಬರುವುದಿಲ್ಲ.

ತಂಗಿಯವರು ಊರಿಗೆ ಬಂದಾಗ ಒಟ್ಟಿಗೆ ಕುಣಿಯುವುದಾದರೆ, ಯಾರ ಎಣಿಕೆಯೆಂದು ಮೊದಲೇ ಮಾತಾಡಿಕೊಳ್ಳಿ. ಅವರ ಮೊದಲ ಹೆಜ್ಜೆ ಒಂದಕ್ಕೆ ಬೀಳುತ್ತದೆ, ನಿಮ್ಮದು ಎರಡಕ್ಕೆ.