36ರ ಪಿಚರ್‌ಗೆ ಬದಲಾಗಿ ಜಾಗ ಸಿಗದ ಹುಡುಗ: ತಗೊಳ್ಳಬೇಕಾ, ಬೇಡವಾ?

ಸರ್, ಬೇಸ್‌ಬಾಲ್ ಟ್ರೇಡ್ (ಆಟಗಾರರ ಅದಲುಬದಲು) ಬಗ್ಗೆ ನೀವು ಗುಂಪಿನಲ್ಲಿ ಕೇಳಿದ ಪ್ರಶ್ನೆ ನಿನ್ನೆ ರಾತ್ರಿ ನೋಡಿದೆ. ಮಾಡಿ ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು. ಆದರೆ ಜುಲೈ ಬಂತೆಂದರೆ ಇದೇ ಪ್ರಶ್ನೆ ನಮ್ಮಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಬಿಡುವಾದಾಗ ಓದಿ.

ಬೇರೆಯವರಿಗೂ ತಿಳಿಯಲಿ ಎಂದು ವಿಷಯ ಇನ್ನೊಮ್ಮೆ ಹೇಳುತ್ತೇನೆ. ನಿಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗ್‌ನಲ್ಲಿ (ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಅವರ ನಿಜವಾದ ಆಟದ ಅಂಕಿಗಳಿಂದ ಪೈಪೋಟಿ ನಡೆಸುವ ಆಟ) ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳಬಹುದು. 12 ತಂಡ, ನಿಮ್ಮದು 9ನೇ ಸ್ಥಾನ. ನಿಮ್ಮ ಹತ್ತಿರ 36 ವರ್ಷದ ಸ್ಟಾರ್ಟರ್, ಅಂದರೆ ಪಂದ್ಯದ ಶುರುವಿನಿಂದ ಎಸೆಯುವ ಪಿಚರ್ ಇದ್ದಾನೆ, ಈ ವರ್ಷ ಚೆನ್ನಾಗಿ ಎಸೆಯುತ್ತಿದ್ದಾನೆ. ಎರಡನೇ ಸ್ಥಾನದಲ್ಲಿರುವವರು ಅವನನ್ನು ಕೇಳುತ್ತಿದ್ದಾರೆ. ಬದಲಿಗೆ ಟ್ರಿಪಲ್ ಎ ನಲ್ಲಿ (ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಮೈನರ್ ಲೀಗ್), ಅದೂ ಪೆಸಿಫಿಕ್ ಕೋಸ್ಟ್ ಲೀಗ್‌ನಲ್ಲಿ, ಹೋಂ ರನ್ (ನಮ್ಮ ಸಿಕ್ಸರ್ ತರಹ) ಮೇಲೆ ಹೋಂ ರನ್ ಹೊಡೆಯುತ್ತಿರುವ 23 ವರ್ಷದ, ಫಸ್ಟ್ ಬೇಸ್‌ನಲ್ಲಿ ಫೀಲ್ಡಿಂಗ್ ಮಾಡುವ ಹುಡುಗನನ್ನು ಕೊಡುತ್ತಾರಂತೆ. ತೊಂದರೆ ಏನೆಂದರೆ ಅವನ ಮೇಜರ್ ಲೀಗ್ ತಂಡದಲ್ಲಿ ಫಸ್ಟ್ ಬೇಸ್‌ಗೆ ಆಗಲೇ ದೊಡ್ಡ ಆಟಗಾರ ಇದ್ದಾನೆ, ಅವನ ಒಪ್ಪಂದ ಇನ್ನೂ ನಾಲ್ಕು ವರ್ಷ ಇದೆ. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ನಿಮ್ಮ ಲೀಗ್‌ನವರು ಇನ್ನೂ ಕೆಲವರು ಈ ಗುಂಪಿನಲ್ಲಿದ್ದಾರೆ.

ಬ್ಲಾಕ್ ಆಗಿರುವ ಹುಡುಗ ಅಂದರೆ ಏನು ಅಂತ ಕ್ರಿಕೆಟ್ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಧೋನಿ ಟೆಸ್ಟ್ ಬಿಡುವವರೆಗೆ ವೃದ್ಧಿಮಾನ್ ಸಾಹಾ ಕಾದರಲ್ಲ, ಅದೇ. ಸಾಹಾ ಕೀಪಿಂಗ್‌ನಲ್ಲಿ ಏನೂ ಕೊರತೆ ಇರಲಿಲ್ಲ. ಮುಂದೆ ನಿಂತವರು ದೊಡ್ಡವರಾಗಿದ್ದರು, ಅಷ್ಟೇ. ಇದನ್ನು ಮೊದಲು ಮನಸ್ಸಿಗೆ ತಗೊಳ್ಳಿ: ಜಾಗ ಇಲ್ಲ ಅನ್ನುವುದು ತಂಡದ ತೊಂದರೆ, ಹುಡುಗನ ಆಟದ ಕುಂದಲ್ಲ. ಇವೆರಡನ್ನು ಬೆರೆಸಿಕೊಂಡವರು ದೊಡ್ಡ ಪೆಟ್ಟು ತಿಂದಿದ್ದಾರೆ.

ಆ ಪೆಟ್ಟಿನ ಕತೆ ನಮ್ಮ ಪಕ್ಕದ ಊರಿನದೇ. ನಾನಿರುವುದು ಕನೆಕ್ಟಿಕಟ್‌ನಲ್ಲಿ, ನ್ಯೂ ಬ್ರಿಟನ್‌ನ ಬೀಹೈವ್ ಫೀಲ್ಡ್ ನಮ್ಮ ಮನೆಯಿಂದ ಹದಿನೈದು ನಿಮಿಷದ ದಾರಿ. 1990ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಡಬಲ್ ಎ (ಟ್ರಿಪಲ್ ಎ ಗಿಂತ ಒಂದು ಮೆಟ್ಟಿಲು ಕೆಳಗೆ) ತಂಡ ಅಲ್ಲಿ ಆಡುತ್ತಿತ್ತು. ಜೆಫ್ ಬ್ಯಾಗ್‌ವೆಲ್ ಅನ್ನುವ ಹುಡುಗ ಥರ್ಡ್ ಬೇಸ್ ಆಡುತ್ತಿದ್ದ. ಆ ವರ್ಷ ಬ್ಯಾಟಿಂಗ್ ಸರಾಸರಿ .333, ಅಂದರೆ ಮೂರಕ್ಕೆ ಒಂದು ಸಲ ಹಿಟ್, ತುಂಬಾ ಒಳ್ಳೆಯದು. ಹೋಂ ರನ್ ಮಾತ್ರ ನಾಲ್ಕೇ ನಾಲ್ಕು. ಬಾಸ್ಟನ್‌ನಲ್ಲಿ ಥರ್ಡ್ ಬೇಸ್‌ಗೆ ವೇಡ್ ಬಾಗ್ಸ್ ಇದ್ದ, ಫಸ್ಟ್ ಬೇಸ್‌ಗೆ ಮೋ ವಾನ್ ಬೆಳೆಯುತ್ತಿದ್ದ. ಇವನಿಗೆ ಜಾಗ ಎಲ್ಲಿದೆ ಎಂದುಕೊಂಡರು. ಆಗಸ್ಟ್ ಕೊನೆಯಲ್ಲಿ ಹ್ಯೂಸ್ಟನ್‌ನಿಂದ 37 ವರ್ಷದ ರಿಲೀಫ್ ಪಿಚರ್ (ಪಂದ್ಯದ ನಡುವೆ ಬಂದು ಎಸೆಯುವವನು) ಲ್ಯಾರಿ ಆ್ಯಂಡರ್ಸನ್‌ನನ್ನು ತಂದು ಬ್ಯಾಗ್‌ವೆಲ್‌ನನ್ನು ಕೊಟ್ಟುಬಿಟ್ಟರು.

ಆ್ಯಂಡರ್ಸನ್ ಕೆಟ್ಟದಾಗಿ ಎಸೆದನಾ? ಇಲ್ಲ. 15 ಪಂದ್ಯ, 22 ಇನ್ನಿಂಗ್ಸ್, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) 1.23. ಬಾಸ್ಟನ್ ತನ್ನ ಡಿವಿಷನ್ ಗೆದ್ದಿತು ಕೂಡ. ಆಮೇಲೆ ಪ್ಲೇಆಫ್‌ನಲ್ಲಿ ಓಕ್‌ಲ್ಯಾಂಡ್ ಕೈಲಿ ಸರಣಿ 4-0 ಸೋತು ಮನೆಗೆ ಬಂತು. ಚಳಿಗಾಲದಲ್ಲಿ ಆ್ಯಂಡರ್ಸನ್ ಸ್ಯಾನ್ ಡಿಯಾಗೊಗೆ ಹೋದ. ಬ್ಯಾಗ್‌ವೆಲ್ 1991ರಲ್ಲಿ ವರ್ಷದ ಹೊಸ ಆಟಗಾರ, 1994ರಲ್ಲಿ ಎಂವಿಪಿ (ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ), ಒಟ್ಟು 449 ಹೋಂ ರನ್, 2017ರಲ್ಲಿ ಹಾಲ್ ಆಫ್ ಫೇಮ್. 15 ವರ್ಷವೂ ಹ್ಯೂಸ್ಟನ್‌ಗೇ ಆಡಿದ.

ಈ ಕತೆಯಲ್ಲಿ ನನಗೆ ಮುಖ್ಯ ಅನಿಸುವ ಎರಡು ವಿಷಯ ಇವೆ. ಬಾಗ್ಸ್ 1992ರ ನಂತರ ಯಾಂಕೀಸ್‌ಗೆ ಹೋದ. ಅಂದರೆ ದಾರಿಗೆ ಅಡ್ಡ ನಿಂತಿದ್ದವನು ಎರಡೇ ವರ್ಷದಲ್ಲಿ ಅಲ್ಲಿರಲಿಲ್ಲ! ಎರಡನೆಯದು, ಹ್ಯೂಸ್ಟನ್‌ನಲ್ಲೂ ಥರ್ಡ್ ಬೇಸ್ ಖಾಲಿ ಇರಲಿಲ್ಲ, ಕೆನ್ ಕ್ಯಾಮಿನಿಟಿ ಇದ್ದ. ಆದರೆ ಅವರು ಫಸ್ಟ್ ಬೇಸ್‌ನ ಗ್ಲೆನ್ ಡೇವಿಸ್‌ನನ್ನು 1991ರ ಜನವರಿಯಲ್ಲಿ ಬಾಲ್ಟಿಮೋರ್‌ಗೆ ಕೊಟ್ಟು, ಬ್ಯಾಗ್‌ವೆಲ್‌ಗೆ ಬೇರೆ ಗ್ಲೌಸ್ ಕೊಟ್ಟು ಆ ಜಾಗದಲ್ಲಿ ನಿಲ್ಲಿಸಿದರು. ಬ್ಯಾಟ್ ಬೇಕು ಅನಿಸಿದರೆ ಜಾಗ ಮಾಡುತ್ತಾರೆ.

ಹಾಗಾದರೆ ಕಣ್ಣು ಮುಚ್ಚಿ ತಗೊಳ್ಳಿ ಅಂತಾನಾ? ಅಲ್ಲ. ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ, ನಿಮ್ಮ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಯಾರೂ ಅದನ್ನು ಎತ್ತಲಿಲ್ಲ. ನಿಜವಾದ ಟ್ರೇಡ್‌ನಲ್ಲಿ ಹುಡುಗ ತಂಡ ಬದಲಾಯಿಸುತ್ತಾನೆ, ಟ್ರೇಡ್ ಆದ ಕೂಡಲೇ ಅವನ ದಾರಿ ಬಿಡುಗಡೆ ಆಗುತ್ತದೆ. ಫ್ಯಾಂಟಸಿಯಲ್ಲಿ ನೀವು ಅವನನ್ನು ತಗೊಂಡರೂ ಅವನು ಅದೇ ಟ್ರಿಪಲ್ ಎ ಊರಿನಲ್ಲಿ, ಅದೇ ದೊಡ್ಡ ಆಟಗಾರನ ಹಿಂದೆಯೇ ಇರುತ್ತಾನೆ. ಬ್ಯಾಗ್‌ವೆಲ್‌ನನ್ನು ತಗೊಂಡ ಹ್ಯೂಸ್ಟನ್‌ನ ಜಾಗದಲ್ಲಿ ನೀವಿಲ್ಲ. ಬಾಸ್ಟನ್ ಅವನನ್ನು ಮಾರಲಿ ಎಂದು ಕಾಯುವ ಅಭಿಮಾನಿಯ ಜಾಗದಲ್ಲಿದ್ದೀರಿ. ಹಾಗಾಗಿ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಅಡ್ಡ ಯಾವ ದಾರಿಯಲ್ಲಿ, ಯಾವಾಗ ಸರಿಯುತ್ತದೆ?

ಸಾಮಾನ್ಯವಾಗಿ ಸರಿಯುವುದು ಟ್ರೇಡ್‌ನಿಂದಲೇ. 2016ರ ಜುಲೈನಲ್ಲಿ ಶಿಕಾಗೊ ಕಬ್ಸ್ ಹತ್ತಿರ ಗ್ಲೇಬರ್ ಟೊರೆಸ್ ಇದ್ದ, ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವವನು). ಮೇಲೆ ಅಡಿಸನ್ ರಸಲ್, ಹಾವಿಯರ್ ಬಾಯೆಜ್ ಇಬ್ಬರೂ ಚಿಕ್ಕ ವಯಸ್ಸಿನವರೇ. ಅರೋಲ್ಡಿಸ್ ಚ್ಯಾಪ್‌ಮನ್‌ಗಾಗಿ ಟೊರೆಸ್‌ನನ್ನು ಯಾಂಕೀಸ್‌ಗೆ ಕೊಟ್ಟರು. 2018ರಲ್ಲಿ ಟೊರೆಸ್ ಆಲ್ ಸ್ಟಾರ್, 2019ರಲ್ಲಿ 38 ಹೋಂ ರನ್. 2021ರಲ್ಲಿ ಡಾಡ್ಜರ್ಸ್ ಹತ್ತಿರ ಕೈಬರ್ಟ್ ರೂಯಿಜ್ ಅನ್ನುವ ಕ್ಯಾಚರ್ (ನಮ್ಮ ಕೀಪರ್ ಹಾಗೆ), ಅವನ ಮುಂದೆ ವಿಲ್ ಸ್ಮಿತ್. ಮ್ಯಾಕ್ಸ್ ಶರ್ಜರ್ ಮತ್ತು ಟ್ರೇ ಟರ್ನರ್ ಬಂದ ಟ್ರೇಡ್‌ನಲ್ಲಿ ರೂಯಿಜ್ ವಾಷಿಂಗ್ಟನ್‌ಗೆ ಹೋದ, 2023ರಲ್ಲಿ 8 ವರ್ಷಕ್ಕೆ 5 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಬಾಲ್ಟಿಮೋರ್‌ನ ಜೋಯಿ ಒರ್ಟಿಜ್. ಅಲ್ಲಿ ಇನ್‌ಫೀಲ್ಡ್ ತುಂಬಾ ಗನ್ನರ್ ಹೆಂಡರ್ಸನ್ ತರಹದ ಹುಡುಗರೇ. ಕಾರ್ಬಿನ್ ಬರ್ನ್ಸ್‌ಗೆ ಬದಲಾಗಿ ಮಿಲ್ವಾಕಿಗೆ ಹೋದ ಒರ್ಟಿಜ್ ಅದೇ ವರ್ಷ ಥರ್ಡ್ ಬೇಸ್‌ನಲ್ಲಿ ಖಾಯಂ ಆದ.

ಎಲ್ಲ ಸಲ ಹೀಗಾಗುವುದಿಲ್ಲ. 2023ರಲ್ಲಿ ಮೆಟ್ಸ್ 39 ವರ್ಷದ ಶರ್ಜರ್‌ನನ್ನು ಟೆಕ್ಸಸ್‌ಗೆ ಕೊಟ್ಟು ಲೂಯಿಸಾಂಜೆಲ್ ಅಕುನ್ಯಾನನ್ನು ತಗೊಂಡಿತು. ಒಳ್ಳೆ ಹುಡುಗ ಬರಲಿ ಎಂದು ಸುಮಾರು 3.5 ಕೋಟಿ ಡಾಲರ್ ಸಂಬಳವನ್ನೂ ತಾನೇ ಕೊಡಲು ಒಪ್ಪಿತು. ಟೆಕ್ಸಸ್‌ನಲ್ಲಿ ಕೋರಿ ಸೀಗರ್, ಮಾರ್ಕಸ್ ಸೆಮಿಯನ್ ಹಿಂದೆ ಇದ್ದ ಅಕುನ್ಯಾ, ಮೆಟ್ಸ್‌ಗೆ ಬಂದು ಫ್ರಾನ್ಸಿಸ್ಕೊ ಲಿಂಡೋರ್ ಹಿಂದೆ ನಿಂತ. ಬಸ್ ಬದಲಾಯಿತು, ಸೀಟು ಸಿಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಲಿಂಡೋರ್‌ಗೆ ಬೆನ್ನುನೋವು ಬಂದಾಗಲೇ ಅವನಿಗೆ ಮೊದಲ ಅವಕಾಶ.

ಈಗ ನಿಮ್ಮ ಹುಡುಗನ ಜಾಗ ನೋಡೋಣ. ನಾನು ಪಟ್ಟಿಯಲ್ಲಿ ಕೊಟ್ಟವರಲ್ಲಿ ಶಾರ್ಟ್‌ಸ್ಟಾಪ್ ಇದ್ದಾರೆ, ಕ್ಯಾಚರ್ ಇದ್ದಾನೆ. ಅಂಥವರು ಬೇಕು ಅನ್ನುವ ತಂಡಗಳು ಯಾವಾಗಲೂ ಇರುತ್ತವೆ, ಶಾರ್ಟ್‌ಸ್ಟಾಪ್ ಆದವನು ಸೆಕೆಂಡ್, ಥರ್ಡ್, ಬೇಕಾದರೆ ಔಟ್‌ಫೀಲ್ಡ್‌ನಲ್ಲೂ ನಿಲ್ಲುತ್ತಾನೆ. ಬರೀ ಫಸ್ಟ್ ಬೇಸ್ ಆಡುವವನಿಗೆ ಹೋಗಲು ಬೇರೆ ಜಾಗ ಇಲ್ಲ. 2022ರಿಂದ ಮೇಜರ್ ಲೀಗ್‌ನ ಎರಡೂ ಲೀಗ್‌ನಲ್ಲಿ ಡಿಎಚ್ (ಫೀಲ್ಡಿಂಗ್ ಇಲ್ಲದೆ ಬ್ಯಾಟ್ ಮಾತ್ರ ಮಾಡುವವನು) ಬಂದಿರುವುದರಿಂದ ಸ್ವಲ್ಪ ಉಸಿರಾಡಲು ಆಗುತ್ತದೆ ನಿಜ, ಆದರೆ ಆ ಡಿಎಚ್ ಜಾಗಕ್ಕೆ ಮಂಡಿ ನೋವಿನ ಹಿರಿಯರೂ ಸಾಲಿನಲ್ಲಿ ನಿಂತಿರುತ್ತಾರೆ.

ಇದಕ್ಕೆ ನಾನು ಯಾವಾಗಲೂ ನೆನೆಸಿಕೊಳ್ಳುವುದು ಮ್ಯಾಟ್ ಲಪೋರ್ಟಾನನ್ನು. 2008ರ ಜುಲೈ, ಮಿಲ್ವಾಕಿ. ಡಬಲ್ ಎ ನಲ್ಲಿ 84 ಪಂದ್ಯಕ್ಕೆ 20 ಹೋಂ ರನ್ ಹೊಡೆದಿದ್ದ. ಮೇಲೆ ಫಸ್ಟ್ ಬೇಸ್‌ನಲ್ಲಿ ಪ್ರಿನ್ಸ್ ಫೀಲ್ಡರ್, ಅದಕ್ಕೇ ಇವನನ್ನು ಔಟ್‌ಫೀಲ್ಡ್‌ನಲ್ಲಿ ನಿಲ್ಲಿಸಿದ್ದರು. ಸಿಸಿ ಸಬಾಥಿಯಾಗೆ ಬದಲಾಗಿ ಕ್ಲೀವ್‌ಲ್ಯಾಂಡ್ ತಗೊಂಡ ದೊಡ್ಡ ಹೆಸರು ಇವನೇ. ದಾರಿ ಪೂರ್ತಿ ತೆರೆದಿತ್ತು. ಆದರೂ ಒಟ್ಟು 31 ಹೋಂ ರನ್, ಸರಾಸರಿ .238, ಅಲ್ಲಿಗೆ ಮುಗಿಯಿತು. ಅದೇ ಟ್ರೇಡ್‌ನಲ್ಲಿ "ಹೆಸರು ಆಮೇಲೆ ಹೇಳುತ್ತೇವೆ" ಎಂದು ಕೊನೆಗೆ ಸೇರಿಸಿದ್ದ ಹುಡುಗ ಮೈಕಲ್ ಬ್ರ್ಯಾಂಟ್ಲಿ. 2014ರಲ್ಲಿ .327 ಹೊಡೆದು ಎಂವಿಪಿ ಮತದಾನದಲ್ಲಿ ಮೂರನೆಯವನಾದ, ಐದು ಸಲ ಆಲ್ ಸ್ಟಾರ್.

ಇವರಿಬ್ಬರಲ್ಲಿ ಏನು ವ್ಯತ್ಯಾಸ ಇತ್ತು? ಮೈನರ್ ಲೀಗ್‌ನಲ್ಲಿ ಬ್ರ್ಯಾಂಟ್ಲಿಗೆ ಸ್ಟ್ರೈಕ್‌ಔಟ್‌ಗಿಂತ (ಮೂರು ಸ್ಟ್ರೈಕ್ ಆಗಿ ಔಟ್) ವಾಕ್ (ನಾಲ್ಕು ಕೆಟ್ಟ ಎಸೆತ ಬಿಟ್ಟರೆ ಸುಮ್ಮನೆ ಸಿಗುವ ಫಸ್ಟ್ ಬೇಸ್) ಜಾಸ್ತಿ. ನ್ಯೂ ಬ್ರಿಟನ್‌ನ ಬ್ಯಾಗ್‌ವೆಲ್‌ಗೂ ಹಾಗೇ, ಜೊತೆಗೆ 34 ಡಬಲ್ (ಎರಡು ಬೇಸ್ ಸಿಗುವ ಹೊಡೆತ). ಬೀಹೈವ್ ಫೀಲ್ಡ್‌ನಲ್ಲಿ ಚೆಂಡು ಗೋಡೆ ದಾಟುವುದು ಕಷ್ಟ ಇತ್ತು, ಬಾಸ್ಟನ್‌ನವರು ನಾಲ್ಕು ಹೋಂ ರನ್ ನೋಡಿದರು, ಹ್ಯೂಸ್ಟನ್‌ನವರಿಗೆ ಚೆಂಡು ಬ್ಯಾಟ್‌ನಿಂದ ಹೊರಡುವ ರೀತಿ ಕಂಡಿತು. ನಿಮ್ಮ ಹುಡುಗನದ್ದು ಇದಕ್ಕೆ ತಲೆಕೆಳಗು. ಪೆಸಿಫಿಕ್ ಕೋಸ್ಟ್ ಲೀಗ್‌ನಲ್ಲಿ ಆಲ್ಬುಕರ್ಕಿ, ರೀನೋ, ಸಾಲ್ಟ್ ಲೇಕ್ ಎಲ್ಲ ಎತ್ತರದ ಊರುಗಳು, ಗಾಳಿ ತೆಳು, ಬೇರೆ ಕಡೆ ಕ್ಯಾಚ್ ಆಗುವ ಚೆಂಡು ಅಲ್ಲಿ ಹಾರಿಹೋಗುತ್ತದೆ. ಅಲ್ಲಿನ ಹೋಂ ರನ್ ಸಂಖ್ಯೆಯನ್ನು ಪಕ್ಕಕ್ಕಿಟ್ಟು ವಾಕ್ ಮತ್ತು ಸ್ಟ್ರೈಕ್‌ಔಟ್ ಎರಡೇ ನೋಡಿ. ನೂರು ಸಲ ಬ್ಯಾಟ್ ಹಿಡಿದು ಬಂದರೆ ಎಷ್ಟು ಸಲ ಸ್ಟ್ರೈಕ್‌ಔಟ್? 30ರ ಹತ್ತಿರ ಇದ್ದರೆ ನಾನು ಮುಟ್ಟುವುದಿಲ್ಲ.

ಆದರೆ ಹತ್ತಿರದಿಂದ ನೋಡುವ ಅವಕಾಶ ಇದ್ದರೆ ಬಿಡಬೇಡಿ. ಹಾರ್ಟ್‌ಫರ್ಡ್‌ನ ಡಬಲ್ ಎ ಪಂದ್ಯಗಳಿಗೆ ನಾನು ಮಗಳ ಜೊತೆ ಹೋಗುತ್ತಿರುತ್ತೇನೆ. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಮೊದಲ ಸಲ ಬಂದಾಗ ದೊಡ್ಡ ಹೊಡೆತ ಹೊಡೆದ, ಜನ ಎದ್ದು ನಿಂತರು. ನನಗೆ ನೆನಪಿರುವುದು ಅವನು ಮೂರನೇ ಸಲ ಬಂದದ್ದು. ಎರಡು ಸ್ಟ್ರೈಕ್ ಆಗಿತ್ತು. ಪಿಚರ್ ಎರಡು ಸಲ ನೆಲಕ್ಕೆ ಬೀಳುವ ಸ್ಲೈಡರ್ ಎಸೆದ. ಎರಡು ಸಲವೂ ಹುಡುಗನ ಮುಂದಿನ ಕಾಲು ನೆಲಕ್ಕೆ ಊರಿತು, ಬ್ಯಾಟ್ ಹೆಗಲ ಮೇಲಿಂದ ಒಂದಿಂಚು ಅಲುಗಿತು, ಅಲ್ಲೇ ನಿಂತಿತು. ಆಮೇಲೆ ವಾಕ್. ಜನ ಚಪ್ಪಾಳೆಯನ್ನೂ ಹೊಡೆಯಲಿಲ್ಲ. "ಅಪ್ಪಾ, ಇವನು ಯಾಕೆ ಹೊಡೀಲಿಲ್ಲ?" ಅಂತ ಮಗಳು ಕೇಳಿದಳು. ಆ ರಾತ್ರಿಯೇ ನಮ್ಮ ಲೀಗ್‌ನಲ್ಲಿ ಅವನನ್ನು ಎತ್ತಿಕೊಂಡೆ.

ಇನ್ನು ನಿಮ್ಮ ಪಿಚರ್. ಅವರಿಗೆ ಅವನು ಯಾಕೆ ಬೇಕು ಅಂತ ಅವರ ಕಡೆಯಿಂದಲೂ ಯೋಚಿಸಿ. ಸಬಾಥಿಯಾ ಮಿಲ್ವಾಕಿಗೆ 17 ಪಂದ್ಯ ಎಸೆದ, 11 ಗೆಲುವು, 2 ಸೋಲು, ಇಆರ್‌ಎ 1.65. 1982ರ ನಂತರ ಮೊದಲ ಸಲ ಅವರು ಪ್ಲೇಆಫ್‌ಗೆ ಹೋದರು. ಚ್ಯಾಪ್‌ಮನ್ ಬಂದ ವರ್ಷ ಕಬ್ಸ್ 1908ರ ನಂತರ ಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದಿತು. ಆ ತಂಡಗಳ ಅಭಿಮಾನಿಗಳನ್ನು ಕೇಳಿದರೆ ಹುಡುಗನನ್ನು ಕೊಟ್ಟದ್ದು ತಪ್ಪು ಅನ್ನುವುದಿಲ್ಲ, ಅವರು ಹೇಳುವುದೂ ಸರಿಯೇ. ಗೆಲ್ಲುವ ಹತ್ತಿರ ಇದ್ದಾಗ ಎರಡು ತಿಂಗಳ ಒಳ್ಳೆ ಪಿಚಿಂಗ್‌ಗೆ ಆ ಬೆಲೆ ಇದೆ. ನಿಮ್ಮ ಎದುರಿನವರು ಎರಡನೇ ಸ್ಥಾನದಲ್ಲಿದ್ದಾರೆ, ಹಾಗಾಗಿ ಅವರಿಗೆ ನಿಮ್ಮ ಪಿಚರ್‌ನ ಬೆಲೆ ನಿಮಗಿಂತ ಜಾಸ್ತಿ.

9ನೇ ಸ್ಥಾನದಲ್ಲಿರುವ ನಿಮಗೆ ಅವನು ಸೆಪ್ಟೆಂಬರ್‌ನಲ್ಲಿ ಗೆದ್ದುಕೊಡುವ ಪಂದ್ಯಗಳಿಂದ ಏನು ಸಿಗುತ್ತದೆ? ಮುಂದಿನ ವರ್ಷ 37. 2023ರಲ್ಲಿ ಶರ್ಜರ್ ಟೆಕ್ಸಸ್‌ಗೆ ಎಂಟು ಪಂದ್ಯ ಎಸೆದ ಮೇಲೆ ಭುಜದ ಹಿಂಭಾಗದ ಸ್ನಾಯು ಎಳೆದುಕೊಂಡ, ವರ್ಲ್ಡ್ ಸೀರೀಸ್‌ನಲ್ಲಿ ಮೂರು ಇನ್ನಿಂಗ್ಸ್ ಆದ ಮೇಲೆ ಬೆನ್ನು ಹಿಡಿಯಿತು, ಡಿಸೆಂಬರ್‌ನಲ್ಲಿ ಆಪರೇಷನ್. ಅಷ್ಟು ಗಟ್ಟಿ ಮನುಷ್ಯನಿಗೇ ಹೀಗೆ. ನಾನೂ ಇದರಲ್ಲಿ ಸುಟ್ಟುಕೊಂಡಿದ್ದೇನೆ. ಮೂರು ವರ್ಷದ ಹಿಂದೆ 35ರ ಪಿಚರ್ ಒಬ್ಬನಿಗೆ ಒಳ್ಳೆ ಬೆಲೆ ಬಂದಿತ್ತು, ಇನ್ನೊಂದು ವಾರ ಕಾದರೆ ಇನ್ನೂ ಒಬ್ಬ ಹುಡುಗನನ್ನು ಸೇರಿಸುತ್ತಾರೆ ಎಂದು ತಡೆದೆ. ಆ ವಾರದಲ್ಲೇ ಮೊಣಕೈ ನೋವು ಎಂದು ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಹೊರಗೆ ನಡೆದ. ಬೆಲೆ ಸೊನ್ನೆ. ಆ ಬೇಸರ ಇಡೀ ಸೀಸನ್ ಹೋಗಲಿಲ್ಲ.

ಹಾಗಾಗಿ ನನ್ನ ಮಾತು: ಪಿಚರ್‌ನನ್ನು ಕೊಡಿ, ಈ ವಾರವೇ ಕೊಡಿ. ಆದರೆ ಆ ಫಸ್ಟ್ ಬೇಸ್ ಹುಡುಗ ಒಬ್ಬನಿಗೇ ಒಪ್ಪಬೇಡಿ. ಎದುರಿನವರ ಮೈನರ್ ಲೀಗ್ ಪಟ್ಟಿ ತೆಗೆದು, ಶಾರ್ಟ್‌ಸ್ಟಾಪ್, ಸೆಂಟರ್ ಫೀಲ್ಡ್ ಅಥವಾ ಕ್ಯಾಚರ್ ಆಡುವ, ಸ್ಟ್ರೈಕ್‌ಔಟ್ ಕಡಿಮೆ ಇರುವ, ಇನ್ನೂ ಹೆಸರು ಬರದ ಒಬ್ಬನನ್ನು ಹುಡುಕಿ. ಅವನನ್ನು ಎರಡನೆಯವನಾಗಿ ಕೇಳಿ. ಅವರು ಒಬ್ಬನೇ ಅಂತ ಹಟ ಹಿಡಿದರೆ, ಫಸ್ಟ್ ಬೇಸ್‌ನವನನ್ನು ಬಿಟ್ಟು ಆ ಎರಡನೆಯವನನ್ನೇ ಮೊದಲನೆಯವನಾಗಿ ತಗೊಳ್ಳಿ, ಜೊತೆಗೆ ಮುಂದಿನ ಡ್ರಾಫ್ಟ್‌ನ ಒಂದು ಪಿಕ್ ಕೇಳಿ. ನೀವೂ ಏನಾದರೂ ಸೇರಿಸಬಹುದು. ಮೆಟ್ಸ್ ಸಂಬಳ ತುಂಬಿದ ಹಾಗೆ, ನಿಮಗೆ ಈ ವರ್ಷ ಬೇಡದ ಒಬ್ಬ ರಿಲೀಫ್ ಪಿಚರ್‌ನನ್ನು ಕೊಟ್ಟರೆ ಮೇಲಿನ ತಂಡದವರು ಬೇಗ ಒಪ್ಪುತ್ತಾರೆ.

ಫಸ್ಟ್ ಬೇಸ್‌ನವನೇ ಬೇಕು ಅಂತಿದ್ದರೆ ಮೂರು ವಿಷಯ ನೋಡಿಕೊಂಡು ತಗೊಳ್ಳಿ. ಈ ತಿಂಗಳು ಅವನನ್ನು ಲೆಫ್ಟ್ ಫೀಲ್ಡ್‌ನಲ್ಲಿ ಆಡಿಸುತ್ತಿದ್ದಾರಾ? ಆಡಿಸುತ್ತಿದ್ದರೆ ತಂಡವೇ ದಾರಿ ಹುಡುಕುತ್ತಿದೆ ಎಂದರ್ಥ. ಮೇಜರ್ ಲೀಗ್ ತಂಡದ 40 ಜನರ ಪಟ್ಟಿಯಲ್ಲಿ ಇದ್ದಾನಾ? ಇಲ್ಲದಿದ್ದರೆ ಯಾವಾಗ ಸೇರಿಸಲೇಬೇಕು? ಸೇರಿಸದಿದ್ದರೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆಯವರು ಎತ್ತಿಕೊಳ್ಳಬಹುದು, ಆ ಭಯಕ್ಕೇ ಎಷ್ಟೋ ಹುಡುಗರು ಜುಲೈನಲ್ಲಿ ಮಾರಾಟ ಆಗುತ್ತಾರೆ. ಕೊನೆಯದು, ಅವನ ತಂಡ ಈ ವರ್ಷ ಪ್ಲೇಆಫ್ ಓಟದಲ್ಲಿದ್ದು ಪಿಚರ್ ಹುಡುಕುತ್ತಿದೆಯಾ? ಹೌದು ಅಂದರೆ ಅವನು ಜುಲೈ ಕೊನೆಯ ಹೊತ್ತಿಗೆ ಬರುವ ಟ್ರೇಡ್ ಗಡುವಿನೊಳಗೆ ಬೇರೆ ಊರಿಗೆ ಹೋಗುವ ಸಾಧ್ಯತೆ ಚೆನ್ನಾಗಿದೆ. ಗಡುವು ಮುಗಿದ ಮೇಲೂ ಆಗಸ್ಟ್‌ನಲ್ಲಿ ಮೇಜರ್ ಲೀಗ್ ಆಟಗಾರರನ್ನು ಟ್ರೇಡ್ ಮಾಡುವ ಹಳೆ ದಾರಿ 2019ರಲ್ಲೇ ಮುಚ್ಚಿದೆ, ಹಾಗಾಗಿ ಏನಾದರೂ ಆಗುವುದಿದ್ದರೆ ಹೆಚ್ಚಾಗಿ ಅಷ್ಟರೊಳಗೇ ಆಗುತ್ತದೆ.

ಅವರ ತಂಡದ ಪೂರ್ತಿ ಪಟ್ಟಿ ನನಗೆ ಖಾಸಗಿಯಾಗಿ ಕಳಿಸಿ ಸರ್. ಭಾನುವಾರ ಬೆಳಿಗ್ಗೆ ಕೂತು ಎರಡನೇ ಹೆಸರು ಯಾವುದು ಕೇಳಬಹುದು ಅಂತ ನೋಡಿ ಹೇಳುತ್ತೇನೆ. ಶನಿವಾರ ನಿಮ್ಮ ಪಿಚರ್ ಎಸೆಯುವ ಸರದಿ ಇದ್ದರೆ ಮಾತ್ರ ನನಗೂ ಕಾಯಬೇಡಿ, ಅದಕ್ಕೆ ಮೊದಲೇ ಮುಗಿಸಿಬಿಡಿ.