ದೇಹ ಗಟ್ಟಿ ಇದ್ದರೆ ಕಮಾಂಡೊ ಆಗಬಹುದಾ?

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಕಮಾಂಡೊ ಆಗುತ್ತೇನೆ ಅಂತ ದಿನಕ್ಕೆ ಎರಡು ಹೊತ್ತು ಜಿಮ್‌ಗೆ ಹೋಗುತ್ತಾನೆ. ಈ ಪಡೆ ಮೊದಲು ಹುಟ್ಟಿದ್ದು ಎಲ್ಲಿ? ಅವರಿಗೆ ಎಂಥ ತರಬೇತಿ ಇತ್ತು?
– ಒಬ್ಬ ತಾಯಿ, ಬೆಳಗಾವಿ

ಉತ್ತರ: ಪದ ದಕ್ಷಿಣ ಆಫ್ರಿಕಾದ್ದು, ತಾಯಿ. ಅಲ್ಲಿನ ಬೋಯರ್ ಎಂಬ ಡಚ್ ಮೂಲದ ರೈತರು ತಮ್ಮ ಕುದುರೆ, ತಮ್ಮ ಬಂದೂಕು ತಂದು ಕೂಡಿಕೊಳ್ಳುತ್ತಿದ್ದ ದಂಡಿಗೆ ಕಮಾಂಡೊ ಅನ್ನುತ್ತಿದ್ದರು. 1899ರಿಂದ 1902ರವರೆಗಿನ ಯುದ್ಧದಲ್ಲಿ ಈ ಸಣ್ಣ ದಂಡುಗಳು ದೊಡ್ಡ ಬ್ರಿಟಿಷ್ ಸೇನೆಯನ್ನು ಹೈರಾಣ ಮಾಡಿದವು. 1940ರ ಮೇ ಕೊನೆ, ಜೂನ್ ಮೊದಲಲ್ಲಿ ಅದೇ ಬ್ರಿಟಿಷ್ ಸೇನೆ ಜರ್ಮನ್ನರಿಗೆ ಸೋತು, ಫ್ರಾನ್ಸಿನ ಡನ್‌ಕರ್ಕ್ ಬಂದರಿನಲ್ಲಿ ತೋಪು, ಲಾರಿ ಎಲ್ಲ ಬಿಟ್ಟು ಸಮುದ್ರ ದಾಟಿ ವಾಪಸಾಯಿತು. ಆಗ ಡಡ್ಲಿ ಕ್ಲಾರ್ಕ್ ಎಂಬ ಬ್ರಿಟಿಷ್ ಅಧಿಕಾರಿಗೆ ಬೋಯರ್‌ರ ನೆನಪಾಯಿತು. ಕ್ಲಾರ್ಕ್ ಹುಟ್ಟಿದ್ದೇ ಆ ಸೀಮೆಯಲ್ಲಿ. ನಾವೂ ಅಂಥ ಸಣ್ಣ ದಂಡು ಕಟ್ಟೋಣ ಅಂದರು. ಪ್ರಧಾನಿ ಚರ್ಚಿಲ್ ಒಪ್ಪಿದರು. ಜೂನ್ 24ರ ರಾತ್ರಿಯೇ ಸುಮಾರು 120 ಜನ ಜರ್ಮನ್ನರ ಕೈಯಲ್ಲಿದ್ದ ಫ್ರಾನ್ಸಿನ ದಡಕ್ಕೆ ಇಳಿದರು. ಹೆಚ್ಚೇನೂ ಸಾಧಿಸಲಿಲ್ಲ. ಜೊತೆಗೆ ಹೋಗಿದ್ದ ಕ್ಲಾರ್ಕ್ ಅವರ ಕಿವಿ ಸವರಿಕೊಂಡು ಒಂದು ಗುಂಡು ಹೋಯಿತು.

ನಿಮ್ಮ ಮಗನಿಗೆ ನಾನು ಹೇಳಬೇಕೆಂದಿರುವುದು ಬೇರೆ. ಮೊದಲ ಕಮಾಂಡೊಗಳಿಗೆ ಬ್ಯಾರಕ್ ಇರಲಿಲ್ಲ, ಅಡುಗೆಯವರೂ ಇರಲಿಲ್ಲ. ದಿನಕ್ಕೆ 6 ಶಿಲಿಂಗ್ 8 ಪೆನ್ಸ್ ಕೈಗೆ ಕೊಡುತ್ತಿದ್ದರು. ಊರಿನಲ್ಲಿ ಮನೆ ಹುಡುಕಿ, ಊಟ ನೋಡಿಕೊಂಡು, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ನಿಂತಿರಬೇಕು. ಅದಾಗದವನನ್ನು ಬೈಯುತ್ತಿರಲಿಲ್ಲ, ಹಳೆಯ ಪಲ್ಟನ್‌ಗೆ ವಾಪಸ್ ಕಳಿಸುತ್ತಿದ್ದರು. ಅದಕ್ಕಿಂತ ದೊಡ್ಡ ಶಿಕ್ಷೆ ಅವರಿಗೆ ಇರಲಿಲ್ಲ.

1942ರಲ್ಲಿ ಸ್ಕಾಟ್ಲೆಂಡಿನ ಅಕ್ನಕ್ಯಾರಿ ಎಂಬಲ್ಲಿ ತರಬೇತಿ ಕೇಂದ್ರ ಶುರುವಾಯಿತು. ನಡೆಸಿದವರು ಚಾರ್ಲ್ಸ್ ವಾನ್. ರಾತ್ರಿಯಿಡೀ ರೈಲಿನಲ್ಲಿ ಬಂದವರು ಸ್ಪೀನ್ ಬ್ರಿಜ್ ನಿಲ್ದಾಣದಲ್ಲಿ ಇಳಿದು, ಹೆಗಲ ಮೇಲೆ ಸಾಮಾನು ಹೊತ್ತು 7 ಮೈಲಿ ನಡೆಯಬೇಕು. ಬಾಗಿಲ ಹತ್ತಿರ ಸಾಲಾಗಿ ಸುಳ್ಳು ಗೋರಿಗಳು. ಗುಡ್ಡದ ನೆತ್ತಿಯಲ್ಲಿ ಎದ್ದು ನಿಂತು ಶತ್ರುವಿನ ಕಣ್ಣಿಗೆ ಬಿದ್ದ ಅಂತ ಒಂದರ ಮೇಲೆ ಬರೆದಿತ್ತು. ತಲೆಯ ಮೇಲೆ ಹಾರುತ್ತಿದ್ದವು ಮಾತ್ರ ನಿಜವಾದ ಗುಂಡುಗಳು. ಹತ್ತುವುದು, ಹೊಳೆ ದಾಟುವುದು, ಬೇಯಿಸುವುದು, ಎಲ್ಲ ಇಬ್ಬಿಬ್ಬರ ಜೋಡಿಯಲ್ಲಿ.

ಈ ಜೋಡಿಯ ಮಾತು ನನಗೆ ತುಂಬಾ ಹತ್ತಿರದ್ದು. ನಾನು 20 ವರ್ಷ ಪದಾತಿ ದಳದಲ್ಲಿದ್ದೆ. ಒಂದು ರೂಟ್ ಮಾರ್ಚ್‌ನಲ್ಲಿ ಹೊಸ ಬೂಟು ಕಚ್ಚಿ ನನ್ನ ಹಿಮ್ಮಡಿ ಕಿತ್ತುಹೋಗಿತ್ತು. ನನ್ನ ಜೋಡಿದಾರ ನನಗಿಂತ ಸಣಕಲ. ಕೊನೆಯ ಎರಡು ಮೈಲಿ ನನ್ನ ರೈಫಲ್ಲನ್ನೂ ಅವನೇ ಹೊತ್ತ. ಒಂದು ಮಾತೂ ಆಡಲಿಲ್ಲ. ಇವತ್ತಿಗೂ ಅವನ ಊರಿನ ದಿಕ್ಕಿಗೆ ಬಸ್ ಹತ್ತಿದರೆ ಇಳಿದು ನೋಡಿಕೊಂಡೇ ಬರುತ್ತೇನೆ.

ಇನ್ನೊಂದು ವಿಷಯ ನಿಮ್ಮಿಂದ ಮುಚ್ಚಿಡಬಾರದು. 1942ರ ಮಾರ್ಚ್ 28ರಂದು ಫ್ರಾನ್ಸಿನ ಸಾಂ ನಜೇರ್ ಬಂದರಿಗೆ ನುಗ್ಗಿದವರು ಕಮಾಂಡೊ, ನಾವಿಕರು ಸೇರಿ 600ಕ್ಕೂ ಜಾಸ್ತಿ. ಅಲ್ಲಿನ ದೊಡ್ಡ ಹಡಗುಕಟ್ಟೆಯನ್ನು ಒಡೆದರು, ಯುದ್ಧ ಮುಗಿಯುವವರೆಗೂ ಅದು ಕೆಲಸಕ್ಕೆ ಬರಲಿಲ್ಲ. ಆದರೆ 169 ಜನ ಸತ್ತರು. ಇದನ್ನೂ ಅವನಿಗೆ ಓದಿ ಹೇಳಿ.

ಜಿಮ್ ಬಿಡಿಸಬೇಡಿ. ಆದರೆ ವಾರಕ್ಕೊಂದು ಬೆಳಿಗ್ಗೆ ಗೆಳೆಯನೊಬ್ಬನ ಜೊತೆ, ಚೀಲ ಹೊತ್ತು ರಾಜಹಂಸಗಡ ಹತ್ತಿ ಇಳಿಯಲಿ. ಬುತ್ತಿ ನೀವು ಕಟ್ಟಬೇಡಿ, ಅವನೇ ರೊಟ್ಟಿ ಬಡಿಯಲಿ. ಗೆಳೆಯ ಹಿಂದೆ ಬಿದ್ದಾಗ ಏನು ಮಾಡಿದ ಅಂತ ಸಂಜೆ ಕೇಳಿ.