ಚಾರ್ಕೋಲ್ ಮಾತ್ರೆ ದಿನಾ ನುಂಗಬಹುದಾ?

ನೀವು ಕೇಳಿದ್ದು ಎರಡು ಪ್ರಶ್ನೆ. ಹೊಟ್ಟೆ ಉಬ್ಬರಕ್ಕೆ ದಿನಾ ಆಕ್ಟಿವೇಟೆಡ್ ಚಾರ್ಕೋಲ್ ಮಾತ್ರೆ ನುಂಗುತ್ತೀರಿ, ಜೊತೆಗೆ ಥೈರಾಯ್ಡ್ ಮಾತ್ರೆಯೂ ಇದೆ, ತೊಂದರೆ ಆಗುತ್ತಾ ಅನ್ನೋದು ಒಂದು. ಯಾರಾದರೂ ವಿಷ ಕುಡಿದರೆ ಬೇಕಾಗಬಹುದು ಅಂತ ಅದೇ ಡಬ್ಬಿ ಮನೆಯಲ್ಲಿಟ್ಟರೆ ಸಾಕಾ ಅನ್ನೋದು ಇನ್ನೊಂದು. ನಾನು ಎಮರ್ಜೆನ್ಸಿ ವಿಭಾಗದಲ್ಲಿ ನರ್ಸ್. ಹಾಗಾಗಿ ಎರಡನೆಯದರಿಂದಲೇ ಶುರು ಮಾಡುತ್ತೇನೆ.

ಇದು ಒಲೆಯ ಇದ್ದಿಲಲ್ಲ. ಇದ್ದಿಲನ್ನು ತುಂಬಾ ಜಾಸ್ತಿ ಶಾಖದಲ್ಲಿಟ್ಟು, ಹಬೆ ಹಾಯಿಸಿ, ಮೈತುಂಬ ಕಣ್ಣಿಗೆ ಕಾಣದ ತೂತು ಮಾಡಿರುತ್ತಾರೆ. ಒಂದು ಗ್ರಾಂ ಪುಡಿಯಲ್ಲಿ ಆ ತೂತುಗಳ ಒಳಮೈಯೆಲ್ಲ ಸೇರಿಸಿದರೆ ಸುಮಾರು 1000 ಚದರ ಮೀಟರ್! ಹೊಟ್ಟೆಯಲ್ಲಿರುವ ವಿಷ ಆ ಮೈಗೆ ಅಂಟಿಕೊಂಡು, ರಕ್ತಕ್ಕೆ ಸೇರದೆ ಮಲದ ಜೊತೆ ಹೊರಗೆ ಹೋಗುತ್ತದೆ. 1831ರಲ್ಲಿ ಫ್ರಾನ್ಸಿನ ಟೂಯೆರಿ ಅನ್ನುವವರು ವೈದ್ಯರ ಸಭೆಯ ಎದುರೇ ಸ್ಟ್ರಿಕ್ನಿನ್ ಅನ್ನುವ ಘೋರ ವಿಷದ ಜೊತೆ ಇದ್ದಿಲು ನುಂಗಿ ಬದುಕಿ ತೋರಿಸಿದರಂತೆ. (ದಯವಿಟ್ಟು ಯಾರೂ ಟ್ರೈ ಮಾಡಬೇಡಿ.)

ಆದರೆ ಪ್ರಮಾಣ ನೋಡಿ. ದೊಡ್ಡವರಿಗೆ ನಾವು ಸಾಮಾನ್ಯವಾಗಿ ಕೊಡುವುದು 50 ಗ್ರಾಂ. ನಿಮ್ಮ ಮಾತ್ರೆಯಲ್ಲಿ 250 ಮಿಲಿಗ್ರಾಂ ಇದ್ದರೆ 200 ಮಾತ್ರೆ ನುಂಗಬೇಕು! ನಾವು ಪುಡಿಯನ್ನು ನೀರಿನಲ್ಲಿ ಕಲಸಿ ಕೊಡುತ್ತೇವೆ, ನೋಡೋಕೆ ಥೇಟ್ ಕಪ್ಪು ಬಗ್ಗಡ. ರುಚಿ ಅಷ್ಟೇನೂ ಇಲ್ಲ, ಮರಳು ಮರಳಾಗಿರುತ್ತದೆ, ಎಷ್ಟೋ ಜನ ಅರ್ಧಕ್ಕೇ ವಾಂತಿ ಮಾಡುತ್ತಾರೆ. ಹಾಸಿಗೆ, ನೆಲ, ನನ್ನ ಯೂನಿಫಾರ್ಮ್, ಎಲ್ಲಾ ಕಪ್ಪು.

ಆ ವಾಂತಿಯೇ ಅಪಾಯ. ಮಂಪರಿನಲ್ಲಿರುವವರಿಗೆ ಕುಡಿಸಿದರೆ ಇದ್ದಿಲು ಶ್ವಾಸಕೋಶಕ್ಕೆ ಇಳಿಯಬಹುದು, ಅದು ಜೀವಕ್ಕೇ ಕುತ್ತು. ಹೆಚ್ಚು ಕೆಲಸ ಮಾಡುವುದು ವಿಷ ಒಳಗೆ ಹೋದ ಒಂದು ಗಂಟೆಯೊಳಗೆ. ಪ್ಯಾರಾಸಿಟಮಾಲ್, ಆಸ್ಪಿರಿನ್ ತರಹದವನ್ನು ಚೆನ್ನಾಗಿ ಹಿಡಿಯುತ್ತದೆ. ಮದ್ಯ, ಕಬ್ಬಿಣದ ಮಾತ್ರೆ, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಇದಕ್ಕೆ ಅಂಟುವುದೇ ಇಲ್ಲ ಅನ್ನಬಹುದು. ಆಸಿಡ್ಡು, ಸೀಮೆಎಣ್ಣೆ ಕುಡಿದವರಿಗಂತೂ ಕೊಡಲೇಬಾರದು. ಇದನ್ನೆಲ್ಲ ಮನೆಯಲ್ಲಿ ಗಾಬರಿಯಲ್ಲಿ ಯಾರು ಲೆಕ್ಕ ಹಾಕುತ್ತಾರೆ? ಡಬ್ಬಿ ಹುಡುಕುವ ಹೊತ್ತಿಗೆ ಆಂಬುಲೆನ್ಸ್‌ಗೆ ಫೋನ್ ಮಾಡಿ. ಏನು ಕುಡಿದರೋ ಅದರ ಬಾಟಲಿ ಜೊತೆಗೆ ತನ್ನಿ.

ಈಗ ನಿಮ್ಮ ಥೈರಾಯ್ಡ್ ಮಾತ್ರೆ. ಇದು ವಿಷ, ಇದು ಮದ್ದು ಅಂತ ಇದ್ದಿಲಿಗೆ ಗೊತ್ತಾಗುವುದಿಲ್ಲ ಅಲ್ವಾ? ಅಂಟುವಂಥದ್ದು ಏನು ಸಿಕ್ಕಿದರೂ ಹಿಡಿದುಕೊಳ್ಳುತ್ತದೆ. ನಿಮ್ಮ ಮಾತ್ರೆಯನ್ನೂ, ಗರ್ಭನಿರೋಧಕ ಮಾತ್ರೆಯನ್ನೂ. ಸಾಮಾನ್ಯವಾಗಿ ಕನಿಷ್ಠ ಎರಡು ಗಂಟೆ ಅಂತರ ಬಿಡಿ ಅನ್ನುತ್ತಾರೆ, ಆದರೆ ಕೆಲವು ಮದ್ದಿಗೆ ಅದೂ ಸಾಲದು. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪಿನ್, ಫಿನೋಬಾರ್ಬಿಟಾಲ್ ರಕ್ತಕ್ಕೆ ಸೇರಿದ ಮೇಲೂ ಕರುಳಿಗೆ ವಾಪಸ್ ಬರುತ್ತವೆ, ಅಲ್ಲಿ ಇದ್ದಿಲು ಕಾದಿರುತ್ತದೆ. ಅವು ಜಾಸ್ತಿಯಾದ ರೋಗಿಗೆ ನಾವು ಕೆಲವು ಗಂಟೆಗೊಮ್ಮೆ ಮತ್ತೆ ಮತ್ತೆ ಚಾರ್ಕೋಲ್ ಕೊಡುವುದು ಇದೇ ಕಾರಣಕ್ಕೆ.

ಗ್ಯಾಸ್‌ಗೆ ಸ್ವಲ್ಪ ಉಪಯೋಗ ಇದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಗ್ರಾಂ, ಊಟ ಆದ ಕೂಡಲೇ ಒಂದು ಗ್ರಾಂ ತೆಗೆದುಕೊಂಡರೆ ಗ್ಯಾಸ್ ಕಮ್ಮಿಯಾಗುತ್ತದೆ ಅಂತ ಲೇಬಲ್ಲಿನಲ್ಲಿ ಬರೆಯಲು ಯುರೋಪಿಯನ್ ಒಕ್ಕೂಟ ಒಪ್ಪಿದೆ. ಅಪರೂಪಕ್ಕೆ ಸರಿ. ಆದರೆ ದಿನಾ ಬೇಕು ಅನ್ನಿಸುತ್ತಿದ್ದರೆ ಉಬ್ಬರ ಯಾಕೆ ಬರುತ್ತಿದೆ ಅಂತ ನೋಡಿಸಬೇಕು. ದಿನಾ ನುಂಗಿದರೆ ಮಲಬದ್ಧತೆ ಆಗಬಹುದು. ಮಲವೂ ಕಪ್ಪಗಾಗುತ್ತದೆ, ಹೊಟ್ಟೆಯೊಳಗೆ ರಕ್ತ ಹೋಗುತ್ತಿದ್ದರೂ ಅದೇ ಬಣ್ಣ, ಗೊತ್ತೇ ಆಗುವುದಿಲ್ಲ. ಡಿಟಾಕ್ಸ್, ಅಂದರೆ ಮೈಯಲ್ಲಿರುವ ಕಲ್ಮಶ ತೆಗೆಯುತ್ತದೆ ಅನ್ನೋದು ಸುಮ್ನೆ ಮಾತು. ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ.

ಥೈರಾಯ್ಡ್ ರಿಪೋರ್ಟ್ ತೋರಿಸಲು ಹೋದಾಗ ಚಾರ್ಕೋಲ್ ವಿಷಯವನ್ನೂ ಡಾಕ್ಟರಿಗೆ ಹೇಳಿ. ಇಲ್ಲದಿದ್ದರೆ ಮಾತ್ರೆ ಸಾಲುತ್ತಿಲ್ಲ ಅಂತ ಅವರು ಡೋಸ್ ಏರಿಸುತ್ತಾರೆ. ಆಮೇಲೆ ನೀವು ಚಾರ್ಕೋಲ್ ನಿಲ್ಲಿಸಿಬಿಟ್ಟರೆ ಬರಬರುತ್ತಾ ಅದೇ ಡೋಸ್ ಜಾಸ್ತಿಯಾಗಿ ಎದೆ ಡವಡವ ಅನ್ನಬಹುದು.